ಹಳೇ ಲಯನೆಲ್ ರೈಲಿನ ಅಂಗಡಿಯಲ್ಲಿ ಒಂದು ಗಂಟೆ: ಏನು ನೋಡಬೇಕು, ಏನು ತರಬಾರದು?

ಚುಕುಬುಕು_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಹೋಗುವುದಿದೆ. ಸ್ಟ್ರಾಸ್‌ಬರ್ಗ್ ಸುತ್ತಮುತ್ತ ಹಳೇ ಆಟಿಕೆ ರೈಲುಗಳನ್ನು ಮಾರುವ ಅಂಗಡಿಗೆ ಹೋಗಲು ಒಂದು ಗಂಟೆ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಬೇಕಾಗಿರುವುದು 1945ರಿಂದ 1969ರ ನಡುವಿನ, ಅಂದರೆ ಯುದ್ಧಾನಂತರದ ಲಯನೆಲ್ (ಅಮೆರಿಕದ ಆಟಿಕೆ ರೈಲು ಕಂಪನಿ): ಒಂದು ಉಗಿ ಇಂಜಿನ್, ನಾಲ್ಕೈದು ಡಬ್ಬಿ, ಸ್ವಲ್ಪ ಹಳಿ. ಶೋಕೇಸಿನಲ್ಲಿ ಇಡುವುದಕ್ಕಲ್ಲ, ಮನೆಯಲ್ಲಿ 4 ಅಡಿ × 6 ಅಡಿ ಹಲಗೆಯ ಮೇಲೆ ಓಡಿಸುವುದಕ್ಕೆ.

ಗೊತ್ತಿಲ್ಲದ ವಿಷಯಗಳು ಇವು. ಅಂಗಡಿಯ ಕೌಂಟರಿನಲ್ಲೇ ಇಂಜಿನ್ ಚೆನ್ನಾಗಿದೆಯೋ ಇಲ್ಲವೋ ಅಂತ ಪರೀಕ್ಷಿಸುವುದು ಹೇಗೆ? 2037, 2046, 2056 ಈ ಮೂರು ಇಂಜಿನ್ ನಂಬರು ಎಲ್ಲ ಕಡೆ ಕಾಣುತ್ತವೆ, ಯಾವುದು ವಾಸಿ? ಟ್ರಾನ್ಸ್‌ಫಾರ್ಮರ್ ಕೂಡ ಅಲ್ಲೇ ತೆಗೆದುಕೊಂಡು ಹುಬ್ಬಳ್ಳಿಯಲ್ಲಿ ಸ್ಟೆಪ್‌ಡೌನ್ ಹಾಕಿ ನಡೆಸಬಹುದಾ? ಬಣ್ಣ ಹೊಡೆದು ಹೊಸದರಂತೆ ಮಾಡಿದ ಮಾಲು ಕಂಡುಹಿಡಿಯುವುದು ಹೇಗೆ?

ನಡುಹಳಿ

ಒಂದು ಗಂಟೆ ಸಾಕು, ಗೋಡೆ ನೋಡುತ್ತ ನಿಲ್ಲದಿದ್ದರೆ. ಗಾಜಿನ ಹಿಂದೆ ದೀಪ ಹಾಕಿ ಇಟ್ಟಿದ್ದು ಸಂಗ್ರಹ ಮಾಡುವವರ ಮಾಲು, ಅದಕ್ಕೆ ಪೆಟ್ಟಿಗೆಯ ಬೆಲೆಯೂ ಸೇರಿರುತ್ತದೆ. ನಿಮಗೆ ಬೇಕಾಗಿದ್ದನ್ನು ಅಲ್ಲಿ ‘ರನ್ನರ್’ ಅನ್ನುತ್ತಾರೆ. ಬಣ್ಣ ಅಲ್ಲಲ್ಲಿ ಎದ್ದಿರುತ್ತದೆ, ಪೆಟ್ಟಿಗೆ ಇರುವುದಿಲ್ಲ, ಆದರೆ ಓಡುತ್ತದೆ. ಒಳಗೆ ಹೋದವರೇ ಆ ಕಪಾಟು ಎಲ್ಲಿದೆ ಅಂತ ಕೇಳಿ. ಆಮೇಲೆ ಟೆಸ್ಟ್ ಟ್ರ್ಯಾಕ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಆ ಅಂಗಡಿಯಲ್ಲಿ ಇಂಜಿನ್ ತೆಗೆದುಕೊಳ್ಳಬೇಡಿ, ಬರೀ ಡಬ್ಬಿ ತೆಗೆದುಕೊಳ್ಳಿ.

ಜೇಬಿನಲ್ಲಿ ಇರಬೇಕಾದ್ದು: ಸಣ್ಣ ಟಾರ್ಚು, ಮಲ್ಟಿಮೀಟರು, ಒಂದೆರಡು ಪೇಪರ್ ಕ್ಲಿಪ್, ನಾಲ್ಕು ಹತ್ತಿಕಡ್ಡಿ.

ಕರೆಂಟು ಕೊಡುವ ಮುಂಚೆ ಇಂಜಿನ್ ಮಗುಚಿ ತಳ ನೋಡಿ. ಲಯನೆಲ್ ಹಳಿಗೆ ಮೂರು ಸಾಲು, ಆ ನಡುಹಳಿಯಿಂದ ಕರೆಂಟು ಎತ್ತುವ ಎರಡು ರೋಲರ್ ಇರುತ್ತವೆ. ಅವು ಬೆರಳು ತಾಗಿದರೆ ಸಲೀಸಾಗಿ ಉರುಳಬೇಕು. ನಡುವೆ ಕಾಲುವೆಯ ಹಾಗೆ ಸವೆದಿದ್ದರೆ ಸ್ವಿಚ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಇಂಜಿನ್ ಮಿಣುಕುತ್ತದೆ. ರೋಲರ್ ಹೊಸದು ಸಿಗುತ್ತದೆ, ಆದ್ದರಿಂದ ಇದು ಬೆಲೆ ಇಳಿಸಲು ಕಾರಣವೇ ಹೊರತು ಬಿಟ್ಟುಬರಲು ಕಾರಣವಲ್ಲ. ಬಿಟ್ಟುಬರಬೇಕಾದ್ದು ಚಕ್ರ ಕೆಟ್ಟಿದ್ದರೆ. ದೊಡ್ಡ ಚಕ್ರವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಚ್ಚು ತೂತಿನಲ್ಲಿ ಕುಣಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಪಕ್ಕಕ್ಕೆ ತುಸು ಆಡುವುದು ಸರಿಯೇ, ತಿರುವಿನಲ್ಲಿ ಅದು ಬೇಕು. ಎಡ ಬಲ ಚಕ್ರಗಳ ಕೋನ ತಪ್ಪಿದ್ದರೆ ಪಕ್ಕದ ರಾಡುಗಳು ಪ್ರತಿ ಸುತ್ತಿಗೆ ಒಂದು ಕಡೆ ಬಿಗಿಯುತ್ತವೆ. ಅದನ್ನು ಸರಿಮಾಡಲು ಚಕ್ರ ಕಳಚುವ ಪುಲ್ಲರ್, ಒತ್ತಿ ಕೂರಿಸುವ ಪ್ರೆಸ್ ಎರಡೂ ಬೇಕು. ಹುಬ್ಬಳ್ಳಿಗೆ ತಂದ ಮೇಲೆ ಅದು ನಿಮ್ಮ ಕೈಲಾಗುವ ಕೆಲಸ ಅಲ್ಲ.

ಈಗ ಹಳಿಯ ಮೇಲೆ. ಇಲ್ಲಿ ಹೊಸಬರು ತಪ್ಪುವುದು ಇ-ಯುನಿಟ್ ವಿಷಯದಲ್ಲಿ. ಇದು ಒಳಗಿರುವ ಸಣ್ಣ ಸೊಲೆನಾಯ್ಡು. ಪ್ರತಿ ಸಲ ಕರೆಂಟು ಕಡಿದು ಕೊಟ್ಟಾಗ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ: ಮುಂದಕ್ಕೆ, ನಿಲುಗಡೆ, ಹಿಂದಕ್ಕೆ, ನಿಲುಗಡೆ, ಮತ್ತೆ ಮುಂದಕ್ಕೆ. ಅಂದರೆ ಕರೆಂಟು ಕೊಟ್ಟರೂ ದೀಪ ಮಾತ್ರ ಉರಿದು ಇಂಜಿನ್ ಕದಲದಿದ್ದರೆ ಅದು ನಿಲುಗಡೆಯಲ್ಲಿರಬಹುದು, ಕೆಟ್ಟಿರಬೇಕು ಅಂತೇನಿಲ್ಲ. ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬಾಯ್ಲರ್ ಮೇಲೆ ಚಿಕ್ಕ ಸನ್ನೆ ಇದೆ, ಅದು ಇ-ಯುನಿಟ್ಟನ್ನು ಇದ್ದ ಸ್ಥಿತಿಯಲ್ಲೇ ಲಾಕ್ ಮಾಡುವುದಕ್ಕೆ. ಹಿಂದಿನ ಮಾಲೀಕ ಲಾಕ್ ಮಾಡಿಟ್ಟಿದ್ದರೆ ಹಿಮ್ಮುಖ ಓಡುವುದೇ ಇಲ್ಲ. ‘ರಿವರ್ಸ್ ಕೆಲಸ ಮಾಡಲ್ಲ’ ಅಂತ ಚೀಟಿ ಅಂಟಿಸಿದ ಇಂಜಿನ್ ಕಂಡರೆ ಮೊದಲು ಆ ಸನ್ನೆ ಮುಟ್ಟಿ ನೋಡಿ. ಇನ್ನೊಂದು: ಒಳಗಿನ ಪ್ಲಂಜರ್ ಬೀಳುವುದು ತನ್ನ ಭಾರಕ್ಕೆ. ಆದ್ದರಿಂದ ಅಂಗಡಿಯವನು ಇಂಜಿನ್ ಮಗುಚಿ ವೈರು ಮುಟ್ಟಿಸಿ ತೋರಿಸಿದರೆ ದಿಕ್ಕು ಬದಲಾಗದು. ನೆಟ್ಟಗೆ ನಿಲ್ಲಿಸಿಯೇ ನೋಡಬೇಕು. ಹತ್ತು ಸಲ ಆಫ್-ಆನ್ ಮಾಡಿ. ಒಂದು ಸಲ ತಪ್ಪಿದರೆ ಕೊಳೆ, ಮೂರು ನಾಲ್ಕು ಸಲ ತಪ್ಪಿದರೆ ಇ-ಯುನಿಟ್ಟಿನ ಡ್ರಮ್ಮೋ ತಾಮ್ರದ ಬೆರಳುಗಳೋ ಸವೆದಿವೆ.

ಐದು ನಿಮಿಷ ಓಡಿಸಿ. ಅಲ್ಲಲ್ಲಿ ನಿಂತು, ಕೈಯಲ್ಲಿ ತಳ್ಳಿದರೆ ಮಾತ್ರ ಹೊರಡುವ ಇಂಜಿನ್ ಬಿಟ್ಟುಬಿಡಿ. ಆರ್ಮೇಚರಿನಲ್ಲಿ (ಮೋಟಾರಿನ ತಿರುಗುವ ಭಾಗ) ಇರುವುದೇ ಮೂರು ಸುರುಳಿ, ಒಂದು ಕಡಿದಿದ್ದರೆ ಹೀಗೆಯೇ ಆಗುವುದು. ಬ್ರಷ್ ಹತ್ತಿರ ಸಣ್ಣ ಕಿಡಿ ಸಹಜ. ಬ್ರಷ್ ಒತ್ತಿಕೊಳ್ಳುವ ತಾಮ್ರದ ಕಮ್ಯುಟೇಟರ್ ಸುತ್ತ ಬೆಂಕಿಯ ಬಳೆ ಕಂಡರೆ ಸಹಜವಲ್ಲ. ಒಂದು ಮೋಟಾರಿನ ಉಗಿ ಇಂಜಿನ್ ಒಂಟಿಯಾಗಿ ಓಡುವಾಗ 2 ಆಂಪಿಯರ್ ಆಸುಪಾಸು ಎಳೆಯುತ್ತದೆ, 3 ದಾಟಿದರೆ ಎಲ್ಲೋ ಬಿಗಿಯಿದೆ ಅಥವಾ ಗ್ರೀಸು ಗಟ್ಟಿಯಾಗಿದೆ. ಗಟ್ಟಿ ಗ್ರೀಸಾದರೆ ಐದು ನಿಮಿಷದಲ್ಲಿ ಸದ್ದು ತಾನಾಗಿ ಇಳಿಯುತ್ತದೆ, ಅದಕ್ಕೇ ಅಷ್ಟು ಹೊತ್ತು ಓಡಿಸಿ ಎಂದದ್ದು.

ನಿಮ್ಮ ಮೂರು ನಂಬರಿಗೆ ಉತ್ತರ. 2037 ಅಂದರೆ 2-6-4 (ಮುಂದಿನ, ಎಳೆಯುವ, ಹಿಂದಿನ ಚಕ್ರಗಳ ಲೆಕ್ಕ), ಚಿಕ್ಕದು, ಗಟ್ಟಿ, ಬೇಕಾದಷ್ಟು ಸಿಗುತ್ತದೆ. 2046 ಅಂದರೆ 4-6-4, ನೋಡಲು ಗಂಭೀರ, ಎಳೆಯುವ ಶಕ್ತಿಯೂ ಚೆನ್ನಾಗಿದೆ. ಇವೆರಡರಲ್ಲೂ ಮ್ಯಾಗ್ನೆ-ಟ್ರ್ಯಾಕ್ಷನ್ ಇದೆ, ಅಂದರೆ ಚಕ್ರಗಳಿಗೇ ಅಯಸ್ಕಾಂತದ ಸೆಳೆತ. ಪೇಪರ್ ಕ್ಲಿಪ್ ಬೇಕಾಗುವುದು ಇಲ್ಲಿ: ಚಕ್ರದ ಅಂಚಿಗೆ ಹಿಡಿದರೆ ಅಂಟಿಕೊಂಡು ನೇತಾಡಬೇಕು. 2056 ಅಂದರೆ 1952ರ ಇಂಜಿನ್, ಮೂಲತಃ 2046 ಇದ್ದ ಹಾಗೆಯೇ. ಆದರೆ ಆ ವರ್ಷ ಕೊರಿಯಾ ಯುದ್ಧದಿಂದಾಗಿ ಆಲ್ನಿಕೋ (ಅಯಸ್ಕಾಂತ ಮಾಡುವ ಮಿಶ್ರಲೋಹ) ಸಿಗದೆ ಅಯಸ್ಕಾಂತ ಇಲ್ಲದೆಯೇ ತಯಾರಿಸಿದರು. ಹಾಗಾಗಿ 2056ಕ್ಕೆ ಕ್ಲಿಪ್ ಅಂಟದಿದ್ದರೆ ಅದು ದೋಷವಲ್ಲ. ಅದೇ ವರ್ಷದ 671 ಮತ್ತು 726 ಇಂಜಿನುಗಳ ನಂಬರಿನ ಹತ್ತಿರ ‘ಆರ್‌ಆರ್’ ಅಚ್ಚು ಇರುವುದೂ ಇದೇ ಕಾರಣಕ್ಕೆ. ಏರು ಇಲ್ಲದ ಹಲಗೆಯ ಮೇಲೆ ಐದು ಡಬ್ಬಿ ಎಳೆಯಲು ಮೂರೂ ಸಾಕು. ನನ್ನ ಮತ 2037ಕ್ಕೆ. ನಿಮ್ಮ ಹಲಗೆಯ ಅಳತೆಗೆ ಅದೇ ಹೊಂದುವುದು, 2046 ಆ ತಿರುವಿನಲ್ಲಿ ಓಡುತ್ತದೆ ನಿಜ, ಆದರೆ ಸಣ್ಣ ಅಂಗಳದಲ್ಲಿ ಲಾರಿ ತಿರುಗಿಸಿದ ಹಾಗೆ ಕಾಣುತ್ತದೆ.

ಉಗಿಬಂಡಿ_ಧಾರವಾಡ

ಟ್ರಾನ್ಸ್‌ಫಾರ್ಮರ್ ವಿಷಯ ನಾ ಹೇಳ್ತೀನ್ರಿ. ತರಬ್ಯಾಡ್ರಿ. ಜೆಡ್‌ಡಬ್ಲ್ಯೂ ಆಗಲಿ, ಕೆಡಬ್ಲ್ಯೂ ಆಗಲಿ, 1033 ಆಗಲಿ, ಅಂಗಡಿಯಾಗ ಎಷ್ಟ ಚಂದ ಕಂಡರೂ ಅಲ್ಲೇ ಬಿಟ್ಟ ಬರ್ರಿ.

ಯಾಕಂದ್ರ, ಎಲ್ಲಾರೂ ವೋಲ್ಟೇಜ್ ಅಷ್ಟ ನೋಡತಾರ. 230ನ್ನ 115 ಮಾಡಿದ್ರ ಮುಗೀತು ಅಂತ ತಿಳ್ಕೊತಾರ. ಅವು 60 ಹರ್ಟ್ಸಿಗೆ ಮಾಡಿದ್ದು, ನಮ್ಮಲ್ಲಿ 50. ಅದ ವೋಲ್ಟೇಜಿಗೆ ಫ್ರೀಕ್ವೆನ್ಸಿ ಇಳದ್ರ ಕೋರಿನಾಗ ಫ್ಲಕ್ಸ್ 60 ಭಾಗಿಸು 50, ಅಂದ್ರ 1.2 ಪಟ್ಟು ಆಗತೈತಿ. 20 ಪರ್ಸೆಂಟ್ ಹೆಚ್ಚು. ಕೋರು ಸ್ಯಾಚುರೇಟ್ ಆಗಿ, ಲೋಡ್ ಇಲ್ಲದನ ಬಿಸಿ ಆಗಿ, ಗುಂಯ್ ಅಂತ ಕೂಗತೈತಿ. ಎಪ್ಪತ್ತು ವರ್ಷದ ಹಳೇ ಇನ್ಸುಲೇಶನ್ನು ಅದನ್ನ ತಡಕೊಳ್ಳೂದಿಲ್ಲ. ಸರಿಯಾಗಿ ನಡಸಬೇಕಂದ್ರ ಇನ್‌ಪುಟ್ಟನ್ನ 115 × 50/60, ಅಂದಾಜು 96 ವೋಲ್ಟಿಗೆ ಇಳಸಬೇಕು. ಮಾರ್ಕೆಟ್ಟಿನ ಸ್ಟೆಪ್‌ಡೌನ್ ಪೆಟ್ಟಿಗಿ ಅದನ್ನ ಕೊಡೂದಿಲ್ಲ, ಮ್ಯಾಲೆ ನಮ್ಮ ಲೈನ್ ಒಮ್ಮೊಮ್ಮೆ 245ಕ್ಕ ಏರತೈತಿ. ಅದರ ವೈರಂತೂ ಕೇಳಬ್ಯಾಡ್ರಿ. ಹಳೇ ರಬ್ಬರ್ ಬಗ್ಗಿಸಿದ್ರ ಚಕ್ಕಿಚಕ್ಕಿಯಾಗಿ ಉದರತೈತಿ.

ಬದಲಿಗೆ ಏನ್ ಮಾಡಬೇಕು? ಬೆಂಗಳೂರಿನ ಎಸ್‌ಪಿ ರೋಡಿನ್ಯಾಗ ಆಗಲಿ, ನಿಮ್ಮ ಹುಬ್ಬಳ್ಳಿಯಾಗ ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡಾವರ ಕಡೆ ಆಗಲಿ, ಇಷ್ಟು ತಗೋರಿ:

– ತಿರುವಿದ್ರ ವೋಲ್ಟೇಜ್ ಏರಿ ಇಳಿಯೂ 2 ಆಂಪಿಯರಿನ ಸಿಂಗಲ್ ಫೇಸ್ ಡಿಮ್ಮರ್‌ಸ್ಟ್ಯಾಟ್ ಒಂದು
– 230ಕ್ಕ 18 ವೋಲ್ಟ್, 5 ಆಂಪಿಯರ್, ಪ್ರೈಮರಿ ಸೆಕೆಂಡರಿ ಬ್ಯಾರೆ ಬ್ಯಾರೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಒಂದು
– ಪ್ರೈಮರಿಗೆ 630 ಮಿಲಿಆಂಪಿಯರ್ ಸ್ಲೋ ಬ್ಲೋ ಫ್ಯೂಸು, ಸೆಕೆಂಡರಿಗೆ 5 ಆಂಪಿಯರ್ ಸರ್ಕಿಟ್ ಬ್ರೇಕರ್
– ಎಲ್ಲಾ ಕೂಡಿಸಾಕ ಅರ್ಥಿಂಗ್ ಮಾಡಿದ ಕಬ್ಬಿಣದ ಪೆಟ್ಟಿಗಿ

ಲೈನಿನಿಂದ ಡಿಮ್ಮರ್‌ಸ್ಟ್ಯಾಟ್, ಅದರಿಂದ ಟ್ರಾನ್ಸ್‌ಫಾರ್ಮರ್, ಅದರಿಂದ ಹಳಿ. ಈ ಸಾಲು ತಪ್ಪಬಾರದು. ಡಿಮ್ಮರ್‌ಸ್ಟ್ಯಾಟ್ ಒಂದನ್ನ 18ಕ್ಕ ತಿರುವಿ ನೇರ ಹಳಿಗೆ ಕೊಟ್ರ ರೈಲು ಓಡತೈತಿ ಖರೇ, ಆದ್ರ ಅದರಾಗ ಇರೂದು ಒಂದ ಸುರುಳಿ, ಲೈನಿಗೂ ಹಳಿಗೂ ನೇರ ಸಂಬಂಧ ಇರತೈತಿ. ಪ್ಲಗ್ ಉಲ್ಟಾ ಆದ್ರ ಹಳಿ ಮ್ಯಾಲೆ 230. ಹುಡುಗರು ಮುಟ್ಟೂ ವಸ್ತು ಅದು. ಜೀವಾ ಹೋಗತೈತಿ.

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಚ್ಚಿ ಪ್ರೈಮರಿ ಕಡಿಮಿ ಜಾಸ್ತಿ ಮಾಡಿದ್ರ ಆಗೂದಿಲ್ಲೇನು ಅಂತ ಕೇಳತಾರ. ಬ್ಯಾಡ್ರಿ. ಟ್ರಯಾಕ್ ಎರಡೂ ಅರ್ಧ ಅಲೆಗೆ ಸಮ ಕೊಡಲಿಲ್ಲಂದ್ರ ಟ್ರಾನ್ಸ್‌ಫಾರ್ಮರಿನ್ಯಾಗ ಡಿಸಿ ಕೂತು ಸುಡತೈತಿ. ಡಿಮ್ಮರ್‌ಸ್ಟ್ಯಾಟ್ ಕೆಲವು 270 ತನಕಾ ಏರತಾವ, ಅಲ್ಲಿಗೆ ಹೋದ್ರ ಹಳಿಗೆ 21 ವೋಲ್ಟ್. ಡಯಲ್ ಮ್ಯಾಲೆ 230ರ ಹತ್ತಿರ ಒಂದು ಸ್ಕ್ರೂ ಕೂಡಸಿ ತಡೆ ಮಾಡ್ರಿ.

ಇಂಜಿನ್ನಿಗೆ 50 ಹರ್ಟ್ಸಿಂದ ಏನೂ ತ್ರಾಸಿಲ್ಲ. ಅದು ಯುನಿವರ್ಸಲ್ ಮೋಟಾರು, ಡಿಸಿ ಕೊಟ್ರೂ ಓಡತೈತಿ.

ಚುಕುಬುಕು_ಹುಬ್ಬಳ್ಳಿ

ಭಾರಿ ಉಪಕಾರ ಆಯ್ತು. ಡಿಸಿಯಲ್ಲೂ ಓಡುವುದಾದರೆ ಇಷ್ಟೆಲ್ಲ ಯಾಕೆ, ಹಳೇ ಕಂಪ್ಯೂಟರ್ ಪವರ್ ಸಪ್ಲೈಯ 12 ವೋಲ್ಟ್ ಕೊಟ್ಟರೆ ಸಾಲದೇ? ಮತ್ತೆ ಸೀಟಿ ಇರುವ ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು ಬಂಡಿ) ತೆಗೆದುಕೊಳ್ಳಬೇಕು ಅಂತಿದೆ. ಅದಕ್ಕೆ ಲಯನೆಲ್ ಟ್ರಾನ್ಸ್‌ಫಾರ್ಮರೇ ಬೇಕು ಅಂತ ಎಲ್ಲೋ ಓದಿದ್ದೆ.

ಉಗಿಬಂಡಿ_ಧಾರವಾಡ

ಎರಡಕ್ಕೂ ಉತ್ತರ ಒಂದರಾಗ ಐತಿ. ಟೆಂಡರಿನ್ಯಾಗ ಒಂದು ರಿಲೇ ಇರತೈತಿ. ಹಳಿಯಾಗ ಬರೇ ಎಸಿ ಇದ್ದಾಗ ಅದು ಸುಮ್ಮನ ಕೂಡತೈತಿ, ಎಸಿ ಮ್ಯಾಲೆ ಸ್ವಲ್ಪ ಡಿಸಿ ಕೂಡಿತಂದ್ರ ಎಳಕೊಂಡು ಸೀಟಿ ಮೋಟಾರಿಗೆ ಕರೆಂಟ್ ಬಿಡತೈತಿ. ಲಯನೆಲ್ ಟ್ರಾನ್ಸ್‌ಫಾರ್ಮರಿನ ಸೀಟಿ ಬಟನ್ ಮಾಡೂದು ಇಷ್ಟ, ಒಂದು ರೆಕ್ಟಿಫೈಯರ್ ಬಿಲ್ಲೆ ನಡಕ ತರೂದು. ಹಿಂಗಾಗಿ ನೀವು ಹಳಿಗೆ ಪೂರಾ ಡಿಸಿ ಕೊಟ್ರ ಸೀಟಿ ನಿಲ್ಲೂದ ಇಲ್ಲ. ರೈಲು ಓಡೂ ತನಕ ಊಂ ಅಂತ ಹೊಡಕೋತನ ಇರತೈತಿ. ಸೀಟಿ ಇಲ್ಲದ ಟೆಂಡರ್ ಆದ್ರ ಡಿಸಿ ನಡೀತೈತಿ, ಆದ್ರ 12ಕ್ಕ ಕಟ್ಟಿಹಾಕಿದ ಸಪ್ಲೈನಿಂದ ವೇಗ ಹೆಂಗ ಬದಲಿಸ್ತೀರಿ?

ಸೀಟಿಗೆ ಉಪಾಯ ಐತಿ. ಲಯನೆಲ್ಲಿನದ 167 ನಂಬರಿನ ಸೀಟಿ ಕಂಟ್ರೋಲರ್ ಅಂತ ಸಣ್ಣ ಡಬ್ಬಿ, ಎರಡು ಬಟನ್, ಅಂಗೈಯಾಗ ಹಿಡೀತೈತಿ. ಟ್ರಾನ್ಸ್‌ಫಾರ್ಮರಿನ ಲೋ ವೋಲ್ಟೇಜ್ ಕಡೆ, ಹಳಿಗೆ ಹೋಗೂ ದಾರಿಯಾಗ ಕೂಡಸೂದು. 230ಕ್ಕೂ 50 ಹರ್ಟ್ಸಿಗೂ ಅದಕ್ಕ ಸಂಬಂಧ ಇಲ್ಲ. ಇಂಥವು ಅಂಗಡಿಯ ಮೂಲಿಯಾಗ ವೈರಿನ ಬುಟ್ಟಿಯೊಳಗ ಬಿದ್ದಿರತಾವ, ಯಾರೂ ಕೇಳೂದಿಲ್ಲ. ಆದ್ರ ಒಳಗಿನ ಬಿಲ್ಲೆ ಸತ್ತಿದ್ದರೂ ಹೊರಗ ಗೊತ್ತಾಗೂದಿಲ್ಲ. ಟೆಂಡರ್ ಅಲ್ಲೇ ಐತಲ್ಲ, ಹಳಿ ಮ್ಯಾಲೆ ಇಟ್ಟು ಊದಿಸಿ ನೋಡಿ ತಗೋರಿ.

ಗರಿ6464

ಬಣ್ಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಬರೆಯುತ್ತೇನೆ.

ಮೊದಲು ಚೀಟಿಯ ಮೇಲಿನ ಅಕ್ಷರ. ಅಮೆರಿಕದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ 1954ರಲ್ಲಿ ಶುರುವಾಯಿತು. ಅವರ ದರ್ಜೆಯ ಪಟ್ಟಿಯನ್ನೇ ಎಲ್ಲ ಅಂಗಡಿಯವರು ಬಳಸುವುದು: ಸಿ-5 ಅಂದರೆ ಗುಡ್, ಸಿ-6 ವೆರಿ ಗುಡ್, ಸಿ-7 ಎಕ್ಸಲೆಂಟ್, ಸಿ-8 ಲೈಕ್ ನ್ಯೂ, ಮೇಲಕ್ಕೆ ಸಿ-10 ಮಿಂಟ್. ಗಮನಿಸಿ, ಇದು ಹೊರನೋಟದ ದರ್ಜೆ. ಸಿ-8 ಇಂಜಿನಿನ ಮೋಟಾರು ಸತ್ತಿರಬಹುದು, ಸಿ-5 ಇಂಜಿನ್ ಕುದುರೆಯಂತೆ ಓಡಬಹುದು. ಅಂಗಡಿಯವರು ಒಂದು ಮೆಟ್ಟಿಲು ಮೇಲೆ ಬರೆಯುವುದು ರೂಢಿ. ನೀವೂ ಮನಸ್ಸಿನಲ್ಲೇ ಒಂದು ಇಳಿಸಿಕೊಳ್ಳಿ.

ಮರುಬಣ್ಣ ಪತ್ತೆಗೆ ಮೇಲಿನ ಮೈ ನೋಡಬೇಡಿ. ಅಲ್ಲಿ ಎಲ್ಲರೂ ಚೆನ್ನಾಗಿಯೇ ಹೊಡೆದಿರುತ್ತಾರೆ. ಬಾಯ್ಲರಿನ ಒಳಗಡೆ, ಚಾಲಕನ ಗೂಡಿನ ಚಾವಣಿಯ ಕೆಳಗೆ, ಸ್ಕ್ರೂ ತೂತಿನ ಅಂಚಿನಲ್ಲಿ ನೋಡಿ. ಸ್ಕ್ರೂ ತಲೆಯ ಸೀಳಿನೊಳಗೆ ಬಣ್ಣ ತುಂಬಿದ್ದರೆ ಬಿಚ್ಚದೆಯೇ ಹೊಡೆದಿದ್ದಾರೆ ಅಂತ ಅರ್ಥ. ಅಂಚುಗಳ ರಿವೆಟ್ ಬೊಕ್ಕೆ ಮೊಂಡಾಗಿ ಕಂಡರೆ ಬಣ್ಣ ದಪ್ಪವಾಗಿದೆ. ಒಂದು ಚಿಕ್ಕ ಯುವಿ ಟಾರ್ಚು ಇಟ್ಟುಕೊಂಡರೆ ಒಳ್ಳೆಯದು. ಹಳೇ ಬಣ್ಣದ ನಡುವೆ ತೇಪೆ ಹಾಕಿದ್ದರೆ ಆ ಜಾಗ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಪೆಟ್ಟಿಗೆಗಳಲ್ಲೂ ನಕಲು ಇದೆ. ಕಿತ್ತಳೆ-ನೀಲಿ ಪೆಟ್ಟಿಗೆ ಹೊಸ ರಟ್ಟಿನ ವಾಸನೆ ಬಂದರೆ ಅದಕ್ಕೆ ದುಡ್ಡು ಕೊಡಬೇಡಿ.

ಡಬ್ಬಿಗಳಲ್ಲಿ ಮುಚ್ಚಿದ ಸರಕು ಡಬ್ಬಿ, ಅಂದರೆ 6464 ಸಾಲಿನ ಬಾಕ್ಸ್‌ಕಾರ್ ಮೇಲೆ ಎಲ್ಲರಿಗೂ ಕಣ್ಣು. 1953ರಲ್ಲಿ ನಾಲ್ಕು ಬಗೆ ಬಂದವು: -1, -25, -50, -75. ಆಮೇಲೆ ಹತ್ತಾರು. ಮೋಸ ನಡೆಯುವ ಜಾಗ ವೆಸ್ಟರ್ನ್ ಪೆಸಿಫಿಕ್ ರೈಲ್ವೆ ಹೆಸರಿನ ಡಬ್ಬಿಯ ಕಿತ್ತಳೆ ಮೈ, ಅದರ ಮೇಲಿನ ನೀಲಿ ಗರಿಯ ಚಿತ್ರ. 1954ರ 6464-100ರಲ್ಲಿ ಈ ಬಣ್ಣ ಅಪರೂಪ. 1966ರ 6464-250ರಲ್ಲಿ ಅದೇ ಬಣ್ಣ ಸುಲಭವಾಗಿ ಸಿಗುತ್ತದೆ. ನಂಬರಿನ ಮೂರು ಅಂಕಿ ಬದಲಾಯಿಸಿದರೆ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಆ ಮೈಯ ಅಚ್ಚು ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಬಂತು, ರಿವೆಟ್ಟುಗಳ ನಿಲುಸಾಲು ಎಲ್ಲೆಲ್ಲಿ ಕಡಿದಿದೆ ಎನ್ನುವುದರಿಂದ ಕಾಲ ತಿಳಿಯುತ್ತದೆ. ಅಕ್ಷರ 1954ರದು, ಅಚ್ಚು ಅರವತ್ತರ ದಶಕದ್ದು ಅಂತಾದರೆ ಅದು ಕೈಚಳಕ. 1957ರ ಗುಲಾಬಿ ಬಣ್ಣದ ‘ಹುಡುಗಿಯರ ರೈಲಿ’ನದೂ ಇದೇ ಕಥೆ. ಅದರ 2037-500 ಇಂಜಿನ್ ಮಾಮೂಲಿ 2037ಕ್ಕೆ ಬಣ್ಣ ಹೊಡೆದರೆ ಆಗಿಬಿಡುತ್ತದೆ ನೋಡಿ. ಒಂದು ಗಂಟೆಯ ಭೇಟಿಯಲ್ಲಿ ಇಂಥ ಮಾಲಿಗೆ ಕೈ ಹಾಕಬಾರದು.

ನಿಮಗೆ ಬೇಕಾದ್ದು ಸಾಧಾರಣ 6464 ಎರಡು, ಒಂದು 6456 ಹಾಪರ್ (ತೆರೆದ ಕಲ್ಲಿದ್ದಲು ಡಬ್ಬಿ), ಬಾಲಕ್ಕೊಂದು ಕಬೂಸ್ (ಗಾರ್ಡಿನ ಡಬ್ಬಿ). ಪ್ರತಿ ಡಬ್ಬಿಯ ಕೊಂಡಿಯನ್ನು ಕೈಯಲ್ಲಿ ಮುಚ್ಚಿ, ಎಳೆದು ನೋಡಿ. ಮುಚ್ಚಿದ್ದು ತಾನೇ ತೆರೆದುಕೊಂಡರೆ ಓಟದ ನಡುವೆ ರೈಲು ಎರಡಾಗುತ್ತದೆ. ಚಕ್ರ ತಿರುಗಿಸಿ ಬಿಡಿ, ಎರಡು ಮೂರು ಸೆಕೆಂಡ್ ತಿರುಗಬೇಕು.

ಹಾಲಿನ ಡಬ್ಬಿ ಕಂಡರೆ ಎಲ್ಲರೂ ಮರುಳಾಗುತ್ತಾರೆ. ಬಾಗಿಲು ತೆರೆದು ಮನುಷ್ಯ ಕ್ಯಾನ್ ಹೊರಗೆ ತಳ್ಳುತ್ತಾನೆ. 3462, 3472, 3482 ಅಂತ ಬರುತ್ತವೆ. ಆದರೆ ಅದಕ್ಕೆ ಕರೆಂಟು ಹೋಗುವುದು ತಳದ ಜಾರುಪಟ್ಟಿಯ ಮೂಲಕ, ಅದು ವಿಶೇಷ ಹಳಿತುಂಡಿನ ಮೇಲೆ ನಿಂತಾಗ ಮಾತ್ರ. ಓ-27 ಎಂಬ ತಗ್ಗು ಹಳಿಗೆ ಆ ತುಂಡಿನ ನಂಬರು 6019, ಓ ಎಂಬ ಎತ್ತರದ ಹಳಿಗೆ ಯುಸಿಎಸ್. ಅದರ ಬಟನ್ ಡಬ್ಬಿ, ವೈರು, ತಗಡಿನ ಜಗಲಿ, ಅಯಸ್ಕಾಂತದ ಕ್ಯಾನು, ಇಷ್ಟೂ ಸೇರಿ ಕೊಟ್ಟರೆ ಸರಿ. ಬರೀ ಡಬ್ಬಿ ತಂದರೆ ಅದು ಬಾಗಿಲು ಮುಚ್ಚಿದ ಬಿಳಿ ಡಬ್ಬಿ ಅಷ್ಟೇ.

ನಡುಹಳಿ

@ಗರಿ6464 ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು. ಓಡಿಸುವವರಿಗೆ ಮರುಬಣ್ಣ ದೋಷವಲ್ಲ, ಲಾಭ. ಬಣ್ಣ ಹೊಡೆದದ್ದೆಂದು ಚೀಟಿಯಲ್ಲೇ ಬರೆದಿದ್ದರೆ ಬೆಲೆ ಬಹಳ ಇಳಿಯುತ್ತದೆ, ಬಿಚ್ಚಿದ್ದಾರೆ ಅಂದರೆ ಹೆಚ್ಚಾಗಿ ಮೋಟಾರನ್ನೂ ತೊಳೆದಿರುತ್ತಾರೆ. ಹೇಳದೆ ಮಾರಿದರೆ ಮಾತ್ರ ಮೋಸ.

ಹಳಿಯ ಬಗ್ಗೆ. ಓ-27 ಮತ್ತು ಓ ಎರಡರ ಅಗಲ ಒಂದೇ, ಎತ್ತರ ಬೇರೆ. ಓ-27 ಹಳಿ 7/16 ಇಂಚು, ಓ ಹಳಿ 11/16 ಇಂಚು, ಸೇರಿಸುವ ಮೊಳೆಯ ದಪ್ಪವೂ ಬೇರೆ. ಬುಟ್ಟಿಯಲ್ಲಿ ಎರಡನ್ನೂ ಬೆರೆಸಿ ಹಾಕಿರುತ್ತಾರೆ, ಒಂದೊಂದೇ ಪಕ್ಕಪಕ್ಕ ಇಟ್ಟು ನೋಡಿ ತೆಗೆಯಿರಿ. ಓ-27ರಲ್ಲಿ 8 ತಿರುವು ತುಂಡು ಸೇರಿದರೆ 27 ಇಂಚಿನ ಪೂರ್ತಿ ವೃತ್ತ. ನೇರ ತುಂಡು 8¾ ಇಂಚು. ನಿಮ್ಮ ಹಲಗೆ 48 × 72 ಇಂಚು. ಉದ್ದದ ಬದಿಗೆ ನಾಲ್ಕು ನಾಲ್ಕು ನೇರ ಹಾಕಿದರೆ 27 + 35 = 62 ಇಂಚು, ಅಗಲಕ್ಕೆ ಒಂದೊಂದು ಹಾಕಿದರೆ 35¾ ಇಂಚು. ಅಂದರೆ 8 ತಿರುವು, 9 ನೇರ, ಹತ್ತನೆಯ ನೇರದ ಜಾಗದಲ್ಲಿ 6019. ಮೇಲೆ ಎರಡು ತಿರುವು, ಎರಡು ನೇರ ಹೆಚ್ಚುವರಿ, ಒಂದು ಡಜನ್ ಮೊಳೆ, ಕರೆಂಟು ಕೊಡುವ ಲಾಕಾನ್ ಕ್ಲಿಪ್ ಎರಡು.

ತುಕ್ಕು ಮೇಲ್ಮೈಯಲ್ಲಿದ್ದರೆ ಹೆದರಬೇಡಿ. ತಲೆಯ ಮೇಲೆ ಗುಳಿ ಬಿದ್ದಿದ್ದರೆ ಬೇಡ. ಪ್ರತಿ ತುಂಡಿಗೂ ಮಲ್ಟಿಮೀಟರ್ ಹಚ್ಚಿ, ನಡುಹಳಿಗೂ ಹೊರಹಳಿಗೂ ನಡುವೆ ಬೀಪ್ ಬಂದರೆ ನಡುಹಳಿಗೂ ಅಡ್ಡಪಟ್ಟಿಗೂ ನಡುವಿನ ಕಪ್ಪು ಕಾಗದದ ತುಂಡು ಹರಿದಿದೆ. ಅಂಥದ್ದು ಒಂದು ಸೇರಿಕೊಂಡರೂ ಇಡೀ ಸುತ್ತು ಶಾರ್ಟ್. ಮನೆಯಲ್ಲಿ ಕೂತು ಯಾವುದು ಅಂತ ಹುಡುಕುವುದಕ್ಕಿಂತ ಅಲ್ಲೇ ಎರಡು ನಿಮಿಷ ಕಳೆಯುವುದು ಲೇಸು.

ಹಳಿ ಉಜ್ಜಲು ಹಸಿರು ಸ್ಕ್ರಬ್ಬರ್ ಪ್ಯಾಡ್ ಬಳಸಿ. ಸ್ಟೀಲ್ ವುಲ್ ಖಂಡಿತ ಬೇಡ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ, ಮ್ಯಾಗ್ನೆ-ಟ್ರ್ಯಾಕ್ಷನ್ ಚಕ್ರ ಅದನ್ನೆಲ್ಲ ಹೆಕ್ಕಿಕೊಂಡು ಮೋಟಾರಿನೊಳಗೆ ಕಳಿಸುತ್ತದೆ.

ಚುಕುಬುಕು_ಹುಬ್ಬಳ್ಳಿ

ಪಟ್ಟಿ ಬರೆದುಕೊಂಡೆ. ಹೊಗೆಯ ಬಗ್ಗೆ ಯಾರಾದರೂ ಹೇಳಿ. ಮತ್ತೆ ಸಾಂಟಾ ಫೆ ರೈಲ್ವೆಯ ಆ ಕೆಂಪು-ಬೆಳ್ಳಿ ಎಫ್3 ಡೀಸೆಲ್ ಕಂಡರೆ ಕೈ ತಡೆಯುವುದು ಕಷ್ಟ. ಅದರಲ್ಲಿ ಏನು ನೋಡಬೇಕು? ಕೊನೆಯದಾಗಿ, ವಿಮಾನದಲ್ಲಿ ತರುವುದು ಹೇಗೆ?

ಗರಿ6464

ಎಫ್3 ಆದರೆ ಮೊದಲು ಹಾರ್ನಿನ ಜಾಗ ಬಿಚ್ಚಿಸಿ. 1948ರ 2333ರಿಂದ ಹಿಡಿದು 2343, 2353ರವರೆಗೂ ಹಾರ್ನಿಗೆ ಒಂದು ಡಿ ಸೈಜಿನ ಬ್ಯಾಟರಿ ಒಳಗೇ ಕೂರುತ್ತದೆ. ಯಾರೋ ಹಾಕಿ ಮರೆತರೆ ಅದು ಸೋರಿ ತಳದ ತಗಡನ್ನು ತಿನ್ನುತ್ತದೆ. ಹೊರಗಿನಿಂದ ಸಿ-8, ಒಳಗೆ ಬಿಳಿ ಹಸಿರು ಪುಡಿ. ಹಲವು ಜಿಜಿ-1 ವಿದ್ಯುತ್ ಇಂಜಿನುಗಳಲ್ಲೂ ಅದೇ ಬ್ಯಾಟರಿ, ಅದೇ ಕಾಟ. ಆಮೇಲೆ ಮೈ ಪ್ಲಾಸ್ಟಿಕ್, ಮೂಗಿನ ಸ್ಕ್ರೂ ತೂತಿನಿಂದ ಕೂದಲೆಳೆಯ ಬಿರುಕು ಹೊರಟಿದೆಯಾ ಅಂತ ಟಾರ್ಚನ್ನು ಒಳಗಿನಿಂದ ಹಿಡಿದು ನೋಡಿ. ಎರಡು ಮೋಟಾರು ಇರುವುದರಿಂದ ಕರೆಂಟೂ ಹೆಚ್ಚು ಕುಡಿಯುತ್ತದೆ. ದೀಪ ಉರಿಯುವ ಪ್ರಯಾಣಿಕ ಡಬ್ಬಿಗಳನ್ನೂ ಹಿಂದೆ ಕಟ್ಟಿದರೆ 5 ಆಂಪಿಯರಿನ ಅಂಚಿಗೆ ಬರುತ್ತೀರಿ. ಮೊದಲ ಖರೀದಿಗೆ ಬೇಡ ಅಂತಲೇ ಹೇಳುತ್ತೇನೆ.

ನಡುಹಳಿ

ಹೊಗೆ: 1946ರ ಇಂಜಿನುಗಳಲ್ಲಿ ವಿಶೇಷ ಬಲ್ಬಿನ ಕಾವಿನಿಂದ ಹೊಗೆ ಬರುತ್ತಿತ್ತು, 1947ರಿಂದ ತಂತಿಯ ಹೀಟರ್ ಬಂತು. ಎರಡಕ್ಕೂ ಹಾಕುತ್ತಿದ್ದುದು ಗುಳಿಗೆ. ಈಗಿನ ಹೊಗೆ ದ್ರವವನ್ನು ಗುಳಿಗೆಯ ಯುನಿಟ್ಟಿಗೆ ನೇರ ಸುರಿದರೆ ಹೊಗೆ ಸರಿಯಾಗಿ ಬರದು, ಒಳಗೆ ಬತ್ತಿ ಮತ್ತು ರೆಸಿಸ್ಟರ್ ಹಾಕಿ ಬದಲಾಯಿಸಿರಬೇಕು. ‘ದ್ರವಕ್ಕೆ ಬದಲಾಯಿಸಿದೆಯೇ’ ಅಂತ ಅಂಗಡಿಯಲ್ಲೇ ಕೇಳಿ. ಚಿಮಣಿಯೊಳಗೆ ಟಾರ್ಚು ಬಿಟ್ಟಾಗ ಬಿಳಿ ಮೇಣದಂಥ ಮುದ್ದೆ ಕಂಡರೆ ಹಳೇ ಗುಳಿಗೆ ಕಟ್ಟಿಕೊಂಡಿದೆ, ಬಿಚ್ಚಿ ತೆಗೆಯಬಹುದು. ಕಡ್ಡಿ ಹಾಕಿ ಚುಚ್ಚಿದರೆ ಹೀಟರ್ ತಂತಿ ಕಡಿಯುತ್ತದೆ.

ಪ್ಯಾಕಿಂಗ್: ಇಂಜಿನನ್ನು ಕೈಚೀಲದಲ್ಲೇ ತನ್ನಿ, ಎರಕದ ಲೋಹ ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಮೊದಲು ಶಾಯಿ ಇಲ್ಲದ ಬಿಳಿ ಟಿಶ್ಯೂ ಕಾಗದ, ಅದರ ಮೇಲೆ ಬಬಲ್ ರ‍್ಯಾಪ್. ಬಬಲ್ ರ‍್ಯಾಪನ್ನು ನೇರ ಬಣ್ಣಕ್ಕೆ ಸುತ್ತಿದರೆ ಸೆಕೆಗೆ ಗುಳ್ಳೆಯ ಗುರುತು ಬಣ್ಣದ ಮೇಲೆ ಉಳಿಯುತ್ತದೆ, ಹೋಗುವುದಿಲ್ಲ. ಟೆಂಡರನ್ನು ಬಿಡಿಸಿ ಬೇರೆ ಸುತ್ತಿ. ಎಕ್ಸ್‌ರೇಯಲ್ಲಿ ಸುರುಳಿ, ವೈರು, ಲೋಹದ ಮುದ್ದೆ ಕಂಡು ಚೀಲ ತೆರೆಸುವುದು ಖಚಿತ, ಆದ್ದರಿಂದ ಟೇಪಿನಲ್ಲಿ ಸುತ್ತಿ ಸುತ್ತಿ ಮಮ್ಮಿ ಮಾಡಬೇಡಿ. ಹಳಿ ಭಾರ, ಅದು ಚೆಕ್-ಇನ್ ಸೂಟ್‌ಕೇಸಿನ ತಳಕ್ಕೆ. ಬೆಲೆಯ ಮೇಲೆ ಪೆನ್ಸಿಲ್ವೇನಿಯಾದಲ್ಲಿ 6 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ, ಚೀಟಿಯಲ್ಲಿ ಅದು ಸೇರಿರುವುದಿಲ್ಲ. ‘ಹಳೆಯ ಬಳಸಿದ ಆಟಿಕೆ ರೈಲು’ ಅಂತ ಬರೆಸಿ ಬಿಲ್ ತೆಗೆದುಕೊಳ್ಳಿ, ಬೆಂಗಳೂರಿನ ಕಸ್ಟಮ್ಸಿನಲ್ಲಿ ಕೇಳಿದರೆ ತೋರಿಸಲು.

ಸ್ಟ್ರಾಸ್‌ಬರ್ಗಿಗೆ ಹೇಗೂ ಹೋಗುತ್ತೀರಿ, ಅಲ್ಲೇ ಹತ್ತಿರದಲ್ಲಿ ನ್ಯಾಷನಲ್ ಟಾಯ್ ಟ್ರೇನ್ ಮ್ಯೂಸಿಯಂ ಇದೆ, ಆ ಸಂಗ್ರಹಕಾರರ ಸಂಘದ್ದೇ. ಸಾಧ್ಯವಾದರೆ ಅಂಗಡಿಗೆ ಮುಂಚೆ ಅಲ್ಲಿಗೆ ಹೋಗಿ. ಅಸಲಿ ಬಣ್ಣದ ಹೊಳಪು, ಅಕ್ಷರದ ಅಚ್ಚು ಕಣ್ಣಿಗೆ ಒಮ್ಮೆ ಕೂತರೆ @ಗರಿ6464 ಬರೆದದ್ದು ಕೌಂಟರಿನಲ್ಲಿ ತಾನಾಗಿ ಕಾಣುತ್ತದೆ.

ಉಗಿಬಂಡಿ_ಧಾರವಾಡ

ಒಂದು ಬಿಟ್ಟಹೋಗಿತ್ತು. ತಂದ ದಿನಾನ ಓಡಸಬ್ಯಾಡ್ರಿ. ಬ್ರಷ್ ಪ್ಲೇಟಿನ ಎರಡು ಸ್ಕ್ರೂ ಬಿಚ್ರಿ, ಬಿಚ್ಚೂ ಮುಂದ ಬ್ರಷ್ಷಿನ ಸ್ಪ್ರಿಂಗು ಹಾರತಾವ, ಬಿಳೇ ಅರಿವಿ ಹಾಸಿಕೊಂಡ ಕೂಡ್ರಿ. ಕಮ್ಯುಟೇಟರ್ ಮುಖ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಹಚ್ಚಿ ಒರಸ್ರಿ, ಕರ‍್ರಗ ಉಳದ್ರ ಪೆನ್ಸಿಲ್ ಅಳಿಸೂ ರಬ್ಬರ್. ನಡುವಿನ ಮೂರು ಸೀಳಿನ್ಯಾಗ ಕೂತ ಕಾರ್ಬನ್ ಪುಡಿನ ಕಟ್ಟಿಗಿ ಹಲ್ಲುಕಡ್ಡಿಲೇ ತಗೀರಿ, ಸೂಜಿ ಬ್ಯಾಡ. ಅಚ್ಚಿನ ಎರಡೂ ತುದಿಗೆ ಹೊಲಿಗಿ ಮಷಿನ್ ಎಣ್ಣಿ ಒಂದೊಂದ ಹನಿ, ಗೇರಿಗೆ ಅಕ್ಕಿಕಾಳಿನಷ್ಟು ಲಿಥಿಯಮ್ ಗ್ರೀಸ್. ಎಣ್ಣಿ ಹೆಚ್ಚಾಗಿ ಕಮ್ಯುಟೇಟರಿಗೆ ಇಳದ್ರ ಮತ್ತ ಮೊದಲಿಂದ ಒರಸಬೇಕು. ಡಬ್ಲ್ಯೂಡಿ-40 ಇ-ಯುನಿಟ್ಟಿಗೆ ಹೊಡೀಬ್ಯಾಡ್ರಿ, ಅದು ಒಣಗಿ ಅಂಟಾಗಿ ಪ್ಲಂಜರ್ ಹಿಡೀತೈತಿ.

ಮಳಿಗಾಲದಾಗ ಹಳಿ ಹಲಗಿ ಮ್ಯಾಲೆ ಬಿಟ್ರ ಒಂದ ವಾರದಾಗ ಕೆಂಪ ಆಗತೈತಿ. ತಗದು, ಎಣ್ಣಿ ಅರಿವಿಲೇ ಒರಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳದ ಡಬ್ಬಿಯಾಗ ಇಡ್ರಿ. ಮತ್ತ ಹಾಕೂ ಮುಂದ ಆ ಎಣ್ಣಿ ಒರಸೂದು ಮರೀಬ್ಯಾಡ್ರಿ, ಇಲ್ಲಂದ್ರ ಚಕ್ರ ಅಲ್ಲೇ ಜಾರಿಕೋತ ನಿಲ್ಲತೈತಿ.